ಸರ್ವಜ್ಞನ ಜನ್ಮಕಥೆಯಲ್ಲಿ ಮಾಸೂರಿನ ಯಾತ್ರಿಕ: ದೇಶಾಂತರದ ಕ್ಷಣಪರಿಚಯಗಳನ್ನು ಕುರಿತ ಒಂದು ವಿಮರ್ಶೆ

ಸರ್ವಜ್ಞನ ತ್ರಿಪದಿಗಳಲ್ಲಿ ಆತನ ಜನ್ಮವೃತ್ತಾಂತವನ್ನು ಹೇಳುವ ಭಾಗವು ಬಹುಕಾಲದಿಂದ ವಿದ್ವಾಂಸರ ಚರ್ಚೆಗೆ ಗುರಿಯಾಗಿದೆ. ಕವಿಯ ಕಾಲವಾವುದು, ಅಂಬಲೂರೆಂಬುದು ಯಾವ ಊರು, ತಂದೆಯು ಶೈವಬ್ರಾಹ್ಮಣನೋ ಆರಾಧ್ಯನೋ ಎಂಬ ಪ್ರಶ್ನೆಗಳನ್ನೆತ್ತಿಕೊಂಡು ಪಕ್ಷ ಪ್ರತಿಪಕ್ಷಗಳು ಸಾಕಷ್ಟು ನಡೆದಿವೆ. ಆ ಪ್ರಶ್ನೆಗಳು ಅನಾವಶ್ಯಕವೆಂದು ನಾವು ಹೇಳುವುದಿಲ್ಲ. ಆದರೆ ಈ ವೃತ್ತಾಂತವು ಮೊದಲಿಗೆ ಒಂದು ಪ್ರವಾಸದ ಕಥೆಯೆಂಬ ಕಡೆಗೆ ದೃಷ್ಟಿ ಹರಿದಿರುವುದು ಬಹಳ ಕಡಿಮೆ. ಮನೆಯಿಂದ ಹೊರಟವನೊಬ್ಬನು ದೂರದೇಶವನ್ನು ಮುಟ್ಟಿ ಮರಳುವಾಗ ದಾರಿಯಲ್ಲಿ ಒಂದು ಇರುಳು ಒಬ್ಬಳನ್ನು ಸಂಧಿಸಿ ಮುಂದಕ್ಕೆ ನಡೆದನು. ಯಾರಿಗಾಗಿ ಯಾತ್ರೆಯನ್ನು ಕೈಕೊಂಡಿದ್ದನೋ ಆಕೆಗೆ ಯಾತ್ರೆಯ ಫಲವು ದೊರೆಯದೆಹೋಯಿತು. ಕಥೆಯ ತಿರುಳು ಇಷ್ಟೇ. ಉಳಿದುದೆಲ್ಲವೂ ಇದರ ಮೇಲೆ ಕಾಲಕಾಲಕ್ಕೆ ಹೊದಿಸಿದ ಹೊದಿಕೆ. ಈ ತಿರುಳನ್ನು ಹಿಡಿದು ನೋಡಿದರೆ ಕಥೆಯ ಕೆಲವು ಅಂಗಗಳು ಬೇರೊಂದು ಬೆಳಕಿನಲ್ಲಿ ಕಾಣಿಸಿಕೊಳ್ಳುವುವೆಂದು ನಮ್ಮ ಅಭಿಪ್ರಾಯ.

ವೃತ್ತಾಂತವನ್ನು ಸಂಗ್ರಹವಾಗಿ ನೆನೆದುಕೊಳ್ಳೋಣ. ಮಾಸೂರಿನ ಬಸವರಸನ ಹೆಂಡತಿ ಮಲ್ಲಮ್ಮ. ದಂಪತಿಗಳಿಗೆ ಮಕ್ಕಳಿಲ್ಲ. ಆಕೆಯು ತನ್ನ ದುಃಖವನ್ನು ಗಂಡನಿಗೆ ಅರುಹಿದಳು. ಆತನು ಕಾಶಿಗೆ ಹೊರಟನು. ವಿಶ್ವನಾಥನ ಪ್ರಸಾದವನ್ನು ಪಡೆದು ಹಿಂದಿರುಗುವಾಗ ಅಂಬಲೂರಿನಲ್ಲಿ ಮಳೆಯ ಇರುಳು ಮಾಳಿ ಎಂಬ ಕುಂಬಾರ ವಿಧವೆಯ ಮನೆಯಲ್ಲಿ ತಂಗಿದನು. ಪ್ರಸಾದವು ಮಾಳಿಗೆ ಸಂದಿತು. ಆಕೆಯಲ್ಲಿ ಹುಟ್ಟಿದ ಮಗುವೇ ಸರ್ವಜ್ಞ. ಕೆಲವು ತ್ರಿಪದಿಗಳು ಕುಂಬಾರಸಾಲೆಯನ್ನೂ ತಂದೆತಾಯಿಗಳನ್ನೂ ಮುಚ್ಚುಮರೆಯಿಲ್ಲದೆ ಹೆಸರಿಸುತ್ತವೆ. ಮತ್ತೆ ಕೆಲವು ಅದೇ ತಂದೆತಾಯಿಗಳನ್ನು ಅಲ್ಲಗಳೆದು ತಾನು ಶಿವನ ವರಪುತ್ರನೆಂದು ಸಾರುತ್ತವೆ. ಇನ್ನು ಕೆಲವು ಕೈಲಾಸದವರೆಗೆ ಹೋಗಿ, ಪುಷ್ಪದತ್ತನೆಂಬ ಗಣನೇ ವರರುಚಿಯಾಗಿ ಮುಂದೆ ಸರ್ವಜ್ಞನಾಗಿ ಬಂದನೆಂದು ಹೇಳುತ್ತವೆ. ರೆವರೆಂಡ್ ಚೆನ್ನಪ್ಪ ಉತ್ತಂಗಿಯವರು ೧೯೨೪ರಲ್ಲಿ ಸುಮಾರು ಎರಡು ಸಾವಿರ ವಚನಗಳನ್ನು ಕಲೆಹಾಕಿ ಪ್ರಕಟಿಸಿದಂದಿನಿಂದ ಈ ಪರಸ್ಪರ ವಿರೋಧಗಳು ಎಲ್ಲರ ಕಣ್ಣಿಗೂ ಬಿದ್ದಿವೆ. ತನ್ನ ವಚನಗಳನ್ನು ಕೋಟಿಗಳಿಂದ ಎಣಿಸುವ ಕವಿಯ ಹೆಸರಿನಲ್ಲಿ ಪರರ ಪದ್ಯಗಳು ಸೇರಿಕೊಂಡಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಕಥೆಯ ಭೂಗೋಲವನ್ನು ಮೊದಲು ನೋಡತಕ್ಕದ್ದು. ಮಾಸೂರು ಇಂದಿನ ಹಾವೇರಿ ಜಿಲ್ಲೆಯ ದಕ್ಷಿಣದ ಅಂಚಿನ ಊರು. ಹಿರೇಕೆರೂರಿನ ಸೀಮೆಗೆ ಸೇರಿದುದು. ಶಿಕಾರಿಪುರದಿಂದ ರಟ್ಟೀಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿದ್ದು, ಮಲೆನಾಡು ಮುಗಿದು ಬಯಲು ತೊಡಗುವ ಮೇರೆಯಂತಿದೆ. ಹುಂಚದ ಸಮೀಪದ ಬಿಲ್ಲೇಶ್ವರದಲ್ಲಿ ಹುಟ್ಟಿದ ಕುಮುದ್ವತಿಯು ಇಲ್ಲಿಯೇ ಗುಡ್ಡಗಳ ಸಂದಿನಲ್ಲಿ ಹಾಯುತ್ತದೆ. ಆ ಸಂದಿಗೆ ಅಡ್ಡಲಾಗಿ ಕಟ್ಟಿದ ಏರಿಯಿಂದ ಮದಗದ ಕೆರೆ ನಿಂತಿದೆ. ಅಂಬಲೂರನ್ನು ಅದೇ ಸೀಮೆಯ ಅಬಲೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಇತಿಹಾಸದ ವಿದ್ಯಾರ್ಥಿಗಳಿಗೆ ಅಬಲೂರು ಹೊಸತಲ್ಲ. ಏಕಾಂತದ ರಾಮಯ್ಯನು ತಲೆಯನ್ನರಿದು ಮರಳಿ ಪಡೆದ ಪವಾಡವನ್ನು ಹೇಳುವ, ಸುಮಾರು ೧೨೦೦ರ ಹೊತ್ತಿನ ಶಾಸನವು ಆ ಊರಿನ ದೇವಾಲಯದಲ್ಲಿದ್ದು, ಫ್ಲೀಟ್ ಮಹಾಶಯರ ಸಂಪಾದನೆಯಿಂದ ಲೋಕಪ್ರಸಿದ್ಧವಾಗಿದೆ. ಅಬಲೂರಿಗೂ ಮಾಸೂರಿಗೂ ನಡುವಿನ ಅಂತರವು ಕಾಲುನಡಿಗೆಯಲ್ಲಿ ಹೆಚ್ಚೆಂದರೆ ಒಂದು ದಿನದ ದಾರಿ.

ಈ ಕೊನೆಯ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮಾಸೂರಿನಿಂದ ಕಾಶಿಗೆ ಸಾವಿರದ ಐನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರಿನಂತೆ ನಡೆದರೂ ಹೋಗುವುದಕ್ಕೆ ಎರಡು ಮೂರು ತಿಂಗಳು, ಬರುವುದಕ್ಕೆ ಅಷ್ಟೇ. ಹೊಳೆಗಳು ತುಂಬಿದ ಕಾಲದಲ್ಲಿ ನಡುನಡುವೆ ನಿಲ್ಲುವುದು ಬೇರೆ. ಕಾಶಿಗೆ ಹೊರಟವನು ಮರಳಿ ಬಂದರೆ ಅದನ್ನು ಪುನರ್ಜನ್ಮವೆಂದೇ ಹಿರಿಯರು ಎಣಿಸುತ್ತಿದ್ದರು. ಮದುವೆಯ ಮನೆಯಲ್ಲಿ ವರನು ಕೊಡೆ ಬೆತ್ತಗಳನ್ನು ಹಿಡಿದು ಕಾಶೀಯಾತ್ರೆಗೆ ಹೊರಟಂತೆ ನಟಿಸುವುದೂ, ಕನ್ಯಾಪಿತೃವು ಅಡ್ಡಬಂದು ನಿಲ್ಲಿಸುವುದೂ ಇಂದಿಗೂ ಉಳಿದುಬಂದಿದೆ. ಗೃಹಸ್ಥಾಶ್ರಮದ ಎದುರಾಳಿಯಾಗಿ ಸಮಾಜವು ಆರಿಸಿಕೊಂಡುದು ಈ ಯಾತ್ರೆಯನ್ನೇ. ಬಸವರಸನಾದರೋ ಗೃಹಸ್ಥಾಶ್ರಮದ ಫಲಕ್ಕಾಗಿಯೇ ಆ ದಾರಿಯನ್ನು ಹಿಡಿದವನು. ಅಷ್ಟು ದೂರ ಹೊತ್ತು ತಂದ ಪ್ರಸಾದವು ವಿಂಧ್ಯದ ಕಾಡಿನಲ್ಲಿ ಕಳೆಯಲಿಲ್ಲ, ಗೋದಾವರಿಯ ನೆರೆಯಲ್ಲಿ ಕೊಚ್ಚಿಹೋಗಲಿಲ್ಲ, ಕಳ್ಳರ ಪಾಲಾಗಲಿಲ್ಲ. ಮನೆಗೆ ಒಂದು ಹಗಲಿನ ದಾರಿ ಉಳಿದಿರುವಾಗ ಕೈಬಿಟ್ಟಿತು. ಮಳೆಯೊಂದು ಬಾರದಿದ್ದರೆ, ಅಥವಾ ಆತನು ಹಿಂದಿನ ಬೀಡಿನಿಂದ ಒಂದು ಜಾವ ಮೊದಲು ಹೊರಟಿದ್ದರೆ, ಮಾಸೂರನ್ನು ಮುಟ್ಟಿಯೇ ಬಿಡುತ್ತಿದ್ದನು. ಕಥೆಯನ್ನು ಕಟ್ಟಿದವನು ಯಾರೇ ಆಗಲಿ, ಈ ಸ್ಥಳವನ್ನು ಬಲ್ಲವನಾಗಿದ್ದನು; ದಾರಿಯ ಕೊನೆಯ ತಂಗುದಾಣದ ಅಪಾಯವನ್ನೂ ಬಲ್ಲವನಾಗಿದ್ದನು.

ಇದರೊಂದಿಗೆ ಬೇರೊಂದು ಯಾತ್ರೆಯನ್ನು ಹೋಲಿಸಿ ನೋಡಬಹುದು. ೧೮೫೭ರ ದಂಗೆಯ ಕಾಲದಲ್ಲಿ ಉತ್ತರಕ್ಕೆ ಹೋಗಿ ಬಂದ ಕೊಂಕಣದ ಪುರೋಹಿತ ವಿಷ್ಣುಭಟ್ಟ ಗೋಡಸೆಯ ಮರಾಠಿ ಪ್ರವಾಸಕಥನವು ೧೯೦೭ರಲ್ಲಿ ಅಚ್ಚಾಯಿತು. ಆತನು ಗಳಿಸಿದುದನ್ನೆಲ್ಲ ದಾರಿಯಲ್ಲಿ ಕಳೆದುಕೊಂಡನು. ಆದರೆ ಕಾವಡಿಯಲ್ಲಿ ಹೊತ್ತು ತಂದ ಗಂಗೋದಕವನ್ನು ಮಾತ್ರ ಊರು ಮುಟ್ಟಿಸಿ ತಂದೆತಾಯಿಗಳಿಗೆ ಸ್ನಾನ ಮಾಡಿಸಿದನು. ಅಲ್ಲಿ ಹೋದುದು ಹಣ, ಉಳಿದುದು ಪುಣ್ಯವಸ್ತು. ಬಸವರಸನ ಪಾಲಿಗೆ ಬಂದುದು ಇದರ ತಿರುವುಮುರುವು.

ಜಾನಪದ ಕಥೆಗಳ ಪರಿಚಯವುಳ್ಳವರು ಇಲ್ಲಿ ಒಂದು ಆಕ್ಷೇಪವನ್ನು ತೆಗೆಯಬಹುದು. ಒಬ್ಬರಿಗಾಗಿ ತಂದ ಫಲವು ಮತ್ತೊಬ್ಬರ ಕೈಸೇರುವುದು ಹಳೆಯ ಕಥಾಸಾಮಗ್ರಿಯಷ್ಟೇ ಅಲ್ಲವೆ? ಭರ್ತೃಹರಿಯ ಅಮರಫಲವು ಅರಸನಿಂದ ರಾಣಿಗೂ, ರಾಣಿಯಿಂದ ಆಕೆಯ ಪ್ರಿಯನಿಗೂ, ಅವನಿಂದ ವೇಶ್ಯೆಗೂ ಹೋಗಿ ಮತ್ತೆ ಅರಸನಿಗೇ ಬಂದ ಕಥೆ ಎಲ್ಲರಿಗೂ ಗೊತ್ತು. ಪ್ರಯಾಣಿಕರು ಕುಂಬಾರನ ಮನೆಯಲ್ಲಿ ತಂಗುವುದೂ ಹಳೆಯದೇ. ಪಾಂಡವರು ಬ್ರಾಹ್ಮಣವೇಷದಿಂದ ದ್ರುಪದನ ಪಟ್ಟಣಕ್ಕೆ ಬಂದಾಗ ಇಳಿದುಕೊಂಡುದು ಕುಂಬಾರಸಾಲೆಯಲ್ಲಿಯೇ. ಅಲ್ಲಿಯೂ ಹೊರಗಿನಿಂದ ತಂದುದೊಂದು ಒಂದು ಮಾತಿನ ದೆಸೆಯಿಂದ ಎಣಿಸದ ರೀತಿಯಲ್ಲಿ ಹಂಚಿಹೋಯಿತು. ಹೀಗಿರಲು ಮಾಸೂರಿನ ಕಥೆಯಲ್ಲಿ ಐತಿಹಾಸಿಕಾಂಶವನ್ನು ಹುಡುಕುವುದು ವ್ಯರ್ಥವೆಂದು ಹೇಳುವವರುಂಟು. ಈ ಆಕ್ಷೇಪವು ಅರ್ಧ ಮಾತ್ರ ನಿಜ. ಕಥೆಗಾರನು ಹಳೆಯ ಅಚ್ಚನ್ನು ಬಳಸುತ್ತಾನೆಂಬುದರಿಂದ ಅದರಲ್ಲಿ ಎರೆದ ಲೋಹವೂ ಹಳೆಯದೆಂದು ಸಿದ್ಧವಾಗುವುದಿಲ್ಲ. ಅಮರಫಲದ ಕಥೆಯಲ್ಲಿ ಹೆಂಗಸು ಮೋಸಗಾರ್ತಿ, ಗಂಡಸು ಮೋಸಹೋದವನು. ಕೊನೆಗೆ ವೈರಾಗ್ಯ ಹುಟ್ಟುವುದೂ ಅವನಿಗೇ. ಮಾಸೂರಿನ ಕಥೆಯಲ್ಲಿ ಫಲವನ್ನು ಬೇರೆಡೆಗೆ ಕೊಟ್ಟವನು ಗಂಡಸು. ಅಚ್ಚು ಇಲ್ಲಿ ಮಗುಚಿದೆ. ಮಗುಚಿದ ಕಡೆಯಲ್ಲಿಯೇ ವಿಮರ್ಶಕನು ನಿಂತು ನೋಡಬೇಕಾಗಿದೆ.

ಪುಷ್ಪದತ್ತನ ಪ್ರಸಂಗವನ್ನೂ ಇದೇ ರೀತಿಯಲ್ಲಿ ಪರೀಕ್ಷಿಸಬಹುದು. ಹೆಚ್ಚಿನ ಬರಹಗಾರರು ಇದನ್ನು ಮರೆಮಾಚುವ ಉಪಾಯವೆಂದು ತಳ್ಳಿಬಿಡುತ್ತಾರೆ: ವಿಧವೆಯ ಮಗನೆಂಬ ಅಪವಾದವನ್ನು ಮುಚ್ಚಲು ಗಣಾವತಾರದ ಕಥೆಯನ್ನು ಹೆಣೆದರೆಂದು ಅವರ ಅಭಿಮತ. ಆ ಉದ್ದೇಶವು ಇದ್ದಿರಬಹುದು. ಆದರೆ ಗಣಗಳು ಅಸಂಖ್ಯಾತರಾಗಿರುವಾಗ ಈ ಒಬ್ಬನನ್ನೇ ಆರಿಸಿದುದೇಕೆ? ಸೋಮದೇವನ ಕಥಾಸರಿತ್ಸಾಗರದಲ್ಲಿ ಪುಷ್ಪದಂತನ ಅಪರಾಧವೇನೆಂಬುದನ್ನು ನೆನೆಯಬೇಕು. ಶಿವನು ಪಾರ್ವತಿಗೆ ಏಕಾಂತದಲ್ಲಿ ಹೇಳಿದ ಕಥೆಯನ್ನು ಅವನು ಗುಟ್ಟಾಗಿ ಕೇಳಿದನು. ಕೇಳಿದುದನ್ನು ಹೊರಗೆ ಹೇಳಿದನು. ಅದಕ್ಕಾಗಿ ಶಾಪಹೊಂದಿ ವರರುಚಿಯಾಗಿ ಹುಟ್ಟಿದನು. ಮುಚ್ಚಿದ ಬಾಗಿಲಿನ ಹಿಂದೆ ಇಬ್ಬರ ನಡುವೆ ನಡೆದುದನ್ನು ಲೋಕಕ್ಕೆ ಹೇಳಿದವನು ಅವನು. ತನ್ನ ತಂದೆತಾಯಿಗಳ ಒಂದಿರುಳಿನ ಗುಟ್ಟನ್ನು ತಾನೇ ಹಾಡಿದ ಕವಿಗೆ ಇದಕ್ಕಿಂತ ಒಪ್ಪುವ ಪೂರ್ವಜನ್ಮವು ಇನ್ನೊಂದಿಲ್ಲ. ಆದುದರಿಂದ ಪುಷ್ಪದತ್ತನ ಕಥೆಯನ್ನು ಸೇರಿಸಿದವನು ಮುಚ್ಚಲು ಹೊರಟಿದ್ದರೂ ತೆರೆದುದೇ ಹೆಚ್ಚೆಂದು ಹೇಳಬಹುದಾಗಿದೆ.

ಈಗ ಇತಿಹಾಸಕಾರನ ಪ್ರಶ್ನೆಗೆ ಬರೋಣ. ಒಂದು ಘಟನೆಯನ್ನು ಹೇಳುವವನಿಗೆ ಅದು ತಿಳಿದುದು ಹೇಗೆ? ತನ್ನ ಹುಟ್ಟಿಗೆ ಮೊದಲು ನಡೆದುದಕ್ಕೆ ಸರ್ವಜ್ಞನು ಸಾಕ್ಷಿಯಲ್ಲ. ಆ ಇರುಳು ಸಾಲೆಯಲ್ಲಿದ್ದವರು ಇಬ್ಬರೇ. ಕಥೆಯಲ್ಲಿ ನಿಜದ ಅಂಶವೇನಾದರೂ ಇದ್ದರೆ ಅದು ಇವರಿಬ್ಬರಲ್ಲಿ ಒಬ್ಬರ ಬಾಯಿಂದಲೇ ಬಂದಿರಬೇಕು. ಕಥೆಯ ವಿವರಗಳನ್ನು ಬಿಡಿಸಿ ಎರಡು ಗುಂಪು ಮಾಡಿದರೆ ಒಂದು ವಿಶೇಷವು ಕಾಣುತ್ತದೆ. ಕಾಶಿ, ವಿಶ್ವನಾಥ, ಪ್ರಸಾದ, ಮಲ್ಲಮ್ಮನ ದುಃಖ — ಇವು ಯಾತ್ರಿಕನಿಗೆ ಮಾತ್ರ ಗೊತ್ತಿರತಕ್ಕವು. ಮಳೆ, ಸಾಲೆ, ಬಂದು ತಂಗಿದವನ ಹೆಸರು ಮತ್ತು ಊರು — ಇವು ಮನೆಯಾಕೆಯು ನೆನಪಿನಲ್ಲಿ ಇಟ್ಟುಕೊಳ್ಳತಕ್ಕವು. ಮಳೆಗಾಲದಲ್ಲಿ ಕುಂಬಾರರ ಕಸುಬು ನಿಂತಿರುತ್ತದೆ. ಹಸಿಯ ಗಡಿಗೆಗಳು ಒಣಗುವುದಿಲ್ಲ, ಆವಿಗೆಯಿಡಲು ಬರುವುದಿಲ್ಲ. ತಿಗುರಿ, ಮಣ್ಣು, ಸೌದೆಗಳನ್ನು ನೆನೆಯದಂತೆ ಕಾಯುವ ಸಾಲೆಯ ಮಾಡು ಊರಿನಲ್ಲಿ ದಾರಿಗನಿಗೆ ದೊರೆಯಬಹುದಾದ ಒಣನೆಲಗಳಲ್ಲಿ ಒಂದು. ಮಠವೋ ಗುಡಿಯೋ ಇದ್ದ ಊರಿನಲ್ಲಿ ಯಾತ್ರಿಕನು ಇಲ್ಲಿಗೇ ಬಂದುದಕ್ಕೆ ಕಥೆಯು ಪ್ರತ್ಯೇಕ ಕಾರಣವನ್ನು ಹೇಳುವುದಿಲ್ಲ. ಹೇಳುವ ಅಗತ್ಯವೂ ಆ ಕಾಲದ ಕೇಳುಗರಿಗೆ ಇರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ವೃತ್ತಾಂತವು ಎರಡು ಸಾಕ್ಷ್ಯಗಳ ಕೂಡಿಕೆ. ಪ್ರಸಾದದ ಮಾತು ಬಸವರಸನದು. ಆತನು ತನ್ನ ನಡತೆಗೆ ಕೊಟ್ಟುಕೊಂಡ ಸಮಾಧಾನವೂ ಅದೇ ಆಗಿರಬಹುದು. ಸಾಲೆಯ ಮಾತು ಮಾಳಿಯದು. ತ್ರಿಪದಿಗಳಲ್ಲಿ ಮಾಳಿಯ ಬಾಯಿಗೆ ಮಾತಿಲ್ಲದಿದ್ದರೂ ಆಕೆಯ ನೆನಪು ಅವುಗಳ ತಳಹದಿಯಲ್ಲಿದೆ.

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೇರೆ ದೇಶದವನೆಂಬುದು ಒಂದು, ದಿಕ್ಕಿಲ್ಲದವನೆಂಬುದು ಇನ್ನೊಂದು. ಹಿರೇಕೆರೂರಿನ ಕಡೆ ಇಂದಿಗೂ ತಾಯಿತಂದೆಯಿಲ್ಲದ ಮಗುವನ್ನು ಪರದೇಶಿಯೆನ್ನುವರು. ಬಸವರಸನು ಮೊದಲನೆಯ ಅರ್ಥದಲ್ಲಿ ಪರದೇಶಿಯಾಗಿ ಅಬಲೂರಿನ ಬಾಗಿಲನ್ನು ತಟ್ಟಿದನು. ಆತನ ಮಗನು ಎರಡನೆಯ ಅರ್ಥದಲ್ಲಿ ಪರದೇಶಿಯಾಗಿ ಊರೂರು ಅಲೆದನು. ಒಂದು ಇರುಳಿನ ಅಂತರದಲ್ಲಿ ಶಬ್ದದ ಅರ್ಥವೇ ಬದಲಾಯಿತು.

ನಮ್ಮ ಯಾತ್ರಿಕರು ತಮ್ಮ ದಾರಿಯ ಪರಿಚಯಗಳನ್ನು ಬರೆದಿಡಲಿಲ್ಲ. ಕಾಶಿ, ಗಯೆ, ಹರಿದ್ವಾರಗಳ ತೀರ್ಥಪುರೋಹಿತರ ವಹಿಗಳಲ್ಲಿ ಬಂದವನ ಹೆಸರು, ಊರು, ಗೋತ್ರ, ತಂದೆ ಅಜ್ಜಂದಿರ ಹೆಸರುಗಳು ದೊರೆಯುತ್ತವೆ. ದಾರಿಯಲ್ಲಿ ನೀರು ಕೊಟ್ಟವಳು ಯಾರೆಂಬುದು ದೊರೆಯುವುದಿಲ್ಲ. ಬರೆದವರು ಹೊರಗಿನವರು. ಆದುದರಿಂದ ಇದೇ ನಾಡಿನಲ್ಲಿ, ಹೆಚ್ಚಿನ ವಿದ್ವಾಂಸರು ಸರ್ವಜ್ಞನಿಗೆ ಹೇಳುವ ಕಾಲಕ್ಕೆ ಸಮೀಪವಾಗಿ ಸಂಚರಿಸಿದ ಒಬ್ಬ ಪರದೇಶಿಯ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ನೋಡುವುದು ಉಪಯುಕ್ತವಾಗಿದೆ.

ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತನು (೧೫೮೬–೧೬೫೨) ಒಲಿದವಳು ಕೈತಪ್ಪಿದ ದುಃಖದಿಂದ ೧೬೧೪ರಲ್ಲಿ ವೆನಿಸಿನಿಂದ ಹೊರಟವನು. ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ಮದುವೆಯಾದನು. ಆಕೆಯು ೧೬೨೧ರ ಕೊನೆಯಲ್ಲಿ ಪಾರಸದ ತೀರದಲ್ಲಿ ತೀರಿಕೊಂಡಳು. ಆಕೆಯ ದೇಹವನ್ನು ಕೆಡದಂತೆ ಸಂಸ್ಕರಿಸಿ ಪೆಟ್ಟಿಗೆಯಲ್ಲಿರಿಸಿಕೊಂಡು, ದೇಶದಿಂದ ದೇಶಕ್ಕೆ ಸಾಗಿಸಿ, ೧೬೨೭ರಲ್ಲಿ ರೋಮಿನಲ್ಲಿ ಸಮಾಧಿ ಮಾಡಿದನು. ಈ ನಡುವೆ ೧೬೨೩ರಲ್ಲಿ ಗೋವೆಯಿಂದ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟವನ್ನೇರಿ, ಕೆಳದಿಯ ವೆಂಕಟಪ್ಪನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಸಂಗಡ ಇಕ್ಕೇರಿಗೆ ಬಂದನು. ನೇಪಲ್ಸಿನ ಗೆಳೆಯನಿಗೆ ಬರೆದ ಆತನ ಪತ್ರಗಳು ಹದಿನೇಳನೆಯ ಶತಮಾನದಲ್ಲೇ ಇಂಗ್ಲಿಷಿಗೆ ಬಂದಿದ್ದವು. ಹಾಕ್ಲೂಯ್ತ್ ಸೊಸೈಟಿಯವರು ೧೮೯೨ರಲ್ಲಿ ಎಡ್ವರ್ಡ್ ಗ್ರೇ ಅವರ ಸಂಪಾದನೆಯಲ್ಲಿ ಅವನ್ನು ಎರಡು ಸಂಪುಟಗಳಾಗಿ ಹೊರಡಿಸಿದರು. ಕೆಳದಿಯ ಇತಿಹಾಸವನ್ನು ಬರೆಯುವವರು ಇವನ್ನು ಆಸ್ಥಾನದ ವಿವರಗಳಿಗಾಗಿ ಬಳಸುವುದುಂಟು. ನಮ್ಮ ದೃಷ್ಟಿಯಲ್ಲಿ ಇವುಗಳ ಬೆಲೆಯು ಆಸ್ಥಾನದ ವರ್ಣನೆಗಿಂತಲೂ ದಾರಿಯ ಮುಖಗಳಲ್ಲಿದೆ.

ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಆತನು ಕಂಡನು. ಗುರುವಿಲ್ಲದೆ ಕಲಿಯುವುದು ಹೇಗೆಂದು ಕೇಳಿ, ಅವರ ಉತ್ತರವನ್ನು ಮೆಚ್ಚಿ ಬರೆದುಕೊಂಡನು. ಆ ಹುಡುಗರ ಹೆಸರುಗಳು ಉಳಿದಿಲ್ಲ. ನಾಡಿನ ಶಿಕ್ಷಣದ ಚರಿತ್ರೆಯಲ್ಲಿ ಮಾತ್ರ ಅವರ ಮರಳು ಉಳಿದಿದೆ.

ಇಕ್ಕೇರಿಯಲ್ಲಿ, ೧೬೨೩ರ ನವೆಂಬರಿನಲ್ಲಿ, ಆತನು ಕುದುರೆಯ ಮೇಲೆ ಮೆರವಣಿಗೆಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸನ್ನು ನೋಡಿದನು. ಆಕೆಯ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಸತ್ತ ಗಂಡನೊಡನೆ ಸಹಗಮನ ಮಾಡಲು ನಿಶ್ಚಯಿಸಿದವಳು. ಆತನು ಮುಂದೆ ಆಕೆಯ ಮನೆಯನ್ನು ಹುಡುಕಿಕೊಂಡು ಹೋಗಿ ದುಭಾಷಿಗಳ ಮೂಲಕ ಮಾತಾಡಿದನು. ಪತ್ರದಲ್ಲಿ ಇಟಾಲಿಯನ್ ವರ್ಣಗಳಲ್ಲಿ ಬರೆದಿರುವ ಆಕೆಯ ಹೆಸರನ್ನು ಕನ್ನಡಕ್ಕೆ ತಿರುಗಿಸಿದರೆ ಜಕ್ಕಮ್ಮನೆಂದಾಗುತ್ತದೆ. ಆಕೆಯು ತೆಲುಗಿನವಳು, ಗಂಡನು ಡೋಲು ಬಾರಿಸುವವನು. ಬೇರೆ ಹೆಂಡಿರಿದ್ದರೂ ಅವರು ಸಾಯಲೊಪ್ಪಿರಲಿಲ್ಲ. ಚಿಕ್ಕ ಮಕ್ಕಳನ್ನು ಬಿಟ್ಟುಹೋಗುವುದು ಹೇಗೆಂದು ಆತನು ಕೇಳಿದನು, ಬಲವಂತವೇನಾದರೂ ಇದೆಯೆ ಎಂದು ಕೇಳಿದನು, ಬೇಡವೆಂದು ತಿಳಿಯಹೇಳಿದನು. ಆಕೆಯು ನಗುತ್ತಲೇ ಉತ್ತರವಿತ್ತಳು. ಕೊನೆಗೆ ಆತನು, ನಿನ್ನ ಹೆಸರನ್ನು ನನ್ನ ಬರಹದಲ್ಲಿ ಉಳಿಸುವೆನೆಂದು ಮಾತುಕೊಟ್ಟು ಹೊರಬಂದನು. ಆಕೆಯ ಚಿತೆಯನ್ನು ಕಂಡ ವಿವರವು ಆತನ ಪತ್ರಗಳಲ್ಲಿಲ್ಲ. ಆತನ ದಾರಿ ಮುಂದಕ್ಕಿತ್ತು.

ಈ ಪುಟಗಳನ್ನು ಮೆಚ್ಚುವವರು ಬಹಳ. ಪರದೇಶದವನೊಬ್ಬನು ಕುಲಗೌರವವಿಲ್ಲದ ಒಬ್ಬ ವಾದ್ಯಗಾರನ ಹೆಂಡತಿಯ ಮನೆಗೆ ಹೋಗಿ ಆಕೆಯ ಹೆಸರು ಕೇಳಿ ಬರೆದುಕೊಂಡುದು ಸಾಮಾನ್ಯವಲ್ಲ. ಅದೇ ಕಾಲದ ನಮ್ಮ ಮಾಸ್ತಿಕಲ್ಲುಗಳಲ್ಲಿ ಎಷ್ಟೋ ಹೆಸರಿಲ್ಲದ ಬರಿಯ ಕೈಗಳಾಗಿ ಉಳಿದಿವೆ. ಅಷ್ಟನ್ನು ಒಪ್ಪಿಕೊಂಡೇ ನಾವು ಒಂದು ಮಾತನ್ನು ಹೇಳಬೇಕಾಗಿದೆ. ಬೇಡವೆಂದು ವಾದಿಸಿದವನೇ ಕೊನೆಯಲ್ಲಿ ಕೀರ್ತಿಯ ಆಸೆಯನ್ನು ತೋರಿಸಿ ಬಂದನು. ಸಾವಿಗೆ ಹೊರಟವಳಿಗೆ ಮೆರವಣಿಗೆಯು ಏನನ್ನು ಕೊಡುತ್ತಿತ್ತೋ ಅದನ್ನೇ ಈತನ ಲೇಖನಿಯೂ ಕೊಟ್ಟಿತು. ಆಕೆಯು ನಕ್ಕುದು ನಿರ್ಭಯದಿಂದಲೋ, ಪರಕೀಯನ ಮುಂದೆ ಮರ್ಯಾದೆ ಕಾಯುವುದಕ್ಕೋ, ದುಭಾಷಿಯ ಮಾತನ್ನು ಕೇಳಿಯೋ? ದುಭಾಷಿಯ ಹಿಂದೆ ನಿಂತು ಆಕೆಯ ಮಕ್ಕಳೂ ಬಂಧುಗಳೂ ಆಲಿಸುತ್ತಿದ್ದಿರಬೇಕಾದ ಮನೆಯಲ್ಲಿ, ಬಲವಂತವುಂಟೆ ಎಂಬ ಪ್ರಶ್ನೆಗೆ ಬೇರಾವ ಉತ್ತರವು ಸಾಧ್ಯವಿತ್ತು? ಪತ್ರವನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿಯು ಆಕೆಯ ಒಪ್ಪಿಗೆಯನ್ನು ಸಾಕ್ಷ್ಯವೆಂದು ತೆಗೆದುಕೊಳ್ಳುವ ಮೊದಲು ಇದನ್ನು ಯೋಚಿಸತಕ್ಕದ್ದು.

ಇನ್ನೊಂದು ಭೇಟಿಯು ಇದಕ್ಕಿಂತಲೂ ಅರ್ಥವತ್ತಾದುದೆಂದು ನಮಗೆ ತೋರುತ್ತದೆ. ಇಕ್ಕೇರಿಯಿಂದ ಕರಾವಳಿಗಿಳಿದು ಮಂಗಳೂರಿನ ಕಡೆಗೆ ಬಂದಾಗ ಉಳ್ಳಾಲದ ಚೌಟವಂಶದ ರಾಣಿಯನ್ನು ಆತನು ಮಣೇಲಿನಲ್ಲಿ, ಬೀದಿಯಲ್ಲಿಯೇ, ಎದುರುಗೊಂಡನು. ರಾಣಿಯು ಬರಿಗಾಲಿನಲ್ಲಿ, ತಾನು ತೋಡಿಸುತ್ತಿದ್ದ ನೀರಿನ ಕಾಲುವೆಯ ಕೆಲಸವನ್ನು ನೋಡಲು ನಡೆದು ಹೋಗುತ್ತಿದ್ದಳು. ಉಡಿಗೆತೊಡಿಗೆಯಿಂದ ಅಡಿಗೆಯವಳೆಂದೇ ತಿಳಿಯಬಹುದಿತ್ತೆಂದೂ, ಮಾತಿನಿಂದ ಮಾತ್ರ ಅರಸುತನವು ಗೊತ್ತಾಯಿತೆಂದೂ ಪ್ರವಾಸಿಯು ಬರೆದಿದ್ದಾನೆ. ಯಾವ ಯಾವ ದೇಶಗಳನ್ನು ನೋಡಿದೆಯೆಂದು ವಿಚಾರಿಸಿದ ಮೇಲೆ ರಾಣಿಯು ಬೇರೊಂದನ್ನು ಕೇಳಿದಳು: ಇಷ್ಟು ದೂರದ ಅಲೆದಾಟಕ್ಕೆ ಪ್ರೇಮದಲ್ಲಿ ಬಂದ ಅಸಮಾಧಾನವೋ ಪ್ರಿಯರಾದವರ ಸಾವೋ ಕಾರಣವಾಗಿರಬಹುದೆ? ಎರಡೂ ನಿಜವಾಗಿದ್ದವು. ರೋಮಿನ ನಿರಾಶೆ ಒಂದು, ಮಾನಿಯ ಸಾವು ಇನ್ನೊಂದು. ಆದರೆ ಆತನು ತನ್ನ ದುಃಖವನ್ನು ಮರೆಮಾಡಿ, ಲೋಕವನ್ನು ನೋಡುವ ಆಸೆಯಿಂದ ಹೊರಟೆನೆಂದು ಉತ್ತರ ಕೊಟ್ಟನು. ಹತ್ತು ವರ್ಷಗಳ ಸಂಚಾರದಲ್ಲಿ ಸುಲ್ತಾನರನ್ನೂ ಷಹರನ್ನೂ ಕಂಡವನಿಗೆ, ಬೀದಿಯಲ್ಲಿ ಎದುರಾದ ಬರಿಗ��ಲಿನ ಹೆಂಗಸೊಬ್ಬಳು ಒಂದು ನೋಟದಲ್ಲಿ ತನ್ನನ್ನು ಓದಿಬಿಟ್ಟುದು ಸೋಜಿಗವಾಗಿದ್ದಿರಬೇಕು. ಇಲ್ಲದಿದ್ದರೆ, ತಾನು ಸುಳ್ಳು ಹೇಳಿದುದನ್ನು ಗೆಳೆಯನಿಗೆ ಬರೆದು ತಿಳಿಸುವ ಅಗತ್ಯವಿರಲಿಲ್ಲ.

ಇಲ್ಲಿ ತಪ್ಪಿಹೋದ ಅವಕಾಶವು ಯಾರದು? ಪ್ರವಾಸಕಥನಗಳನ್ನು ಓದುವವರು ಸಾಮಾನ್ಯವಾಗಿ ಪ್ರವಾಸಿಯದೆಂದೇ ಎಣಿಸುವರು. ಕಥನವು ಆತನ ಕೈಯಲ್ಲಿರುವುದರಿಂದ ನಷ್ಟವೂ ಆತನ ಲೆಕ್ಕಕ್ಕೇ ಸೇರುತ್ತದೆ. ಸಮುದ್ರದಾಚೆಗೆ ಹೋಗಿ ಬಂದ ನಮ್ಮ ಲೇಖಕರ ಪ್ರವಾಸಗ್ರಂಥಗಳಲ್ಲಿಯೂ, ಗೋಕಾಕರಿಂದ ಮೊದಲುಗೊಂಡು ಕಾರಂತ, ಗೊರೂರರವರೆಗೆ, ರೈಲಿನಲ್ಲಿಯೂ ಹಡಗಿನಲ್ಲಿಯೂ ಒಂದೆರಡು ಗಳಿಗೆ ಜೊತೆಯಾಗಿ ಮರೆಯಾದವರು ಬರುವರು. ಅವರು ಪ್ರವಾಸಿಯ ನೆನಪಿನ ಸಾಮಗ್ರಿಯಾಗಿಯೇ ಉಳಿಯುವುದು ಆ ಪ್ರಕಾರದ ಸ್ವಭಾವ. ಆದರೆ ಉಳ್ಳಾಲದ ರಾಣಿಯು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರವು ಸಿಕ್ಕಲಿಲ್ಲ. ಆಕೆಯೂ ಗಂಡನಿಂದ ಬೇರೆಯಾಗಿ ರಾಜ್ಯವಾಳಿದ ಮನೆತನದವಳು. ಆ ಉತ್ತರದಿಂದ ಆಕೆಗೆ ದೊರೆಯಬಹುದಾಗಿದ್ದುದನ್ನು ನಾವು ಎಣಿಕೆಯಿಂದ ಬಿಡಬಾರದು.

ಕೆಲವರು ಇನ್ನೂ ಮುಂದೆ ಹೋಗಿ, ದೆಲ್ಲಾ ವಾಲ್ಲೆಯು ಇಕ್ಕೇರಿಯಲ್ಲಿದ್ದಾಗ ಮೂರು ನಾಲ್ಕು ದಿನದ ದಾರಿಯ ಮಾಸೂರು ಸೀಮೆಯಲ್ಲಿ ಸರ್ವಜ್ಞನು ಅಲೆಯುತ್ತಿದ್ದಿರಬಹುದೆಂದೂ, ಇಬ್ಬರೂ ಭೇಟಿಯಾಗಿದ್ದರೆ ಎಷ್ಟು ಚೆನ್ನಾಗಿತ್ತೆಂದೂ ಹೇಳಲು ಆಸೆಪಡಬಹುದು. ಉಪನ್ಯಾಸದ ಕೊಠಡಿಯಲ್ಲಿ ಇಂಥ ಮಾತು ಚಪ್ಪಾಳೆ ಗಿಟ್ಟಿಸುವುದುಂಟು. ಇದು ಇತಿಹಾಸವಲ್ಲ. ಇಬ್ಬರನ್ನು ನಾವು ಪಕ್ಕದಲ್ಲಿಟ್ಟುದು ಭೇಟಿಯ ಕಲ್ಪನೆಗಾಗಿ ಅಲ್ಲ, ಒಂದೇ ವಿಧದ ಘಟನೆಯ ಎರಡು ಬಗೆಯ ದಾಖಲೆಗಳನ್ನು ತೂಗಿ ನೋಡುವುದಕ್ಕಾಗಿ. ಒಂದರಲ್ಲಿ ದಾರಿಗನು ಬರೆಯುತ್ತಾನೆ, ಮನೆಯಾಕೆಯು ಬರಹದಲ್ಲಿ ಉಳಿಯುತ್ತಾಳೆ. ಇನ್ನೊಂದರಲ್ಲಿ ದಾರಿಗನು ಬರೆಯದೆ ಹೋದನು. ಆ ಇರುಳಿನ ಮಗನೇ ಹೇಳಬೇಕಾಯಿತು. ಮೊದಲನೆಯದರಲ್ಲಿ ದಿನಾಂಕವಿದೆ, ಹೆಸರಿದೆ, ಸಂಭಾಷಣೆಯಿದೆ. ಜಕ್ಕಮ್ಮನ ಮನೆಯಲ್ಲಿ ಪ್ರವಾಸಿಯು ಹೋದ ಮೇಲೆ ಏನಾಯಿತೆಂಬುದಿಲ್ಲ. ಎರಡನೆಯದರಲ್ಲಿ ದಿನಾಂಕವಿಲ್ಲ, ಸಂಭಾಷಣೆಯಿಲ್ಲ. ಆದರೆ ದಾರಿಗನು ಹೋದ ಮೇಲೆ ಆದುದೇ ಅದರ ವಿಷಯ. ಪ್ರವಾಸಸಾಹಿತ್ಯದ ರಾಶಿಯಲ್ಲಿ ಈ ಎರಡನೆಯ ಬಗೆಯ ದಾಖಲೆ ಎಷ್ಟು ವಿರಳವೆಂಬುದನ್ನು ಬಲ್ಲವರೇ ಬಲ್ಲರು. ಸರ್ವಜ್ಞನ ಈ ತ್ರಿಪದಿಗಳನ್ನು ಜಾತಿನಿರ್ಣಯದ ಪ್ರಮಾಣಪತ್ರಗಳಂತೆ ಹರಿದು ಹಂಚಿಕೊಳ್ಳುವ ಚರ್ಚೆಯಲ್ಲಿ ಕಳೆದುಹೋಗಿರುವುದು ಈ ಬೆಲೆಯೇ. ಪ್ರತಿವರ್ಷ ಫೆಬ್ರುವರಿ ೨೦ರಂದು ಜಯಂತಿ ನಡೆಯುತ್ತದೆ. ೨೦೦೯ರಲ್ಲಿ ಚೆನ್ನೈಯಲ್ಲಿ ಕವಿಯ ಪ್ರತಿಮೆಯೂ ನಿಂತಿತು, ಬೆಂಗಳೂರಿನಲ್ಲಿ ತಿರುವಳ್ಳುವರನದು. ಕುಂಬಾರ ಸಮಾಜದವರು ತಮ್ಮವನೆಂದು ಆತನನ್ನು ಗೌರವಿಸುವುದರಲ್ಲಿ ನ್ಯಾಯವಿದೆ. ಕಥೆಯಲ್ಲಿ ಮಗುವನ್ನು ಹೆತ್ತು ಲೋಕದ ಮಾತನ್ನು ಹೊತ್ತವಳು ಅವರ ಸಾಲೆಯವಳು.

ಉಳಿದಿರುವುದು ಮಲ್ಲಮ್ಮನ ಪ್ರಶ್ನೆ. ಮೂವರಲ್ಲಿ ಆಕೆಗೆ ಮಾತ್ರ ಒಂದು ಮಾತು ದೊರೆತಿದೆ; ಮಕ್ಕಳಿಲ್ಲವೆಂಬ ದುಃಖವನ್ನು ಗಂಡನಿಗೆ ಹೇಳುವ ಆ ಒಂದು ತ್ರಿಪದಿಯಿಂದಲೇ ಕಥೆಯು ಹೊರಡುತ್ತದೆ. ಅನಂತರ ಆಕೆಯು ಕಾಣೆಯಾಗುತ್ತಾಳೆ. ಆರು ತಿಂಗಳು ಬಾಗಿಲು ಕಾದವಳ ಮುಂದೆ ಬಸವರಸನು ಬರಿಗೈಯಲ್ಲಿ ನಿಂತಾಗ ಏನು ಹೇಳಿದನು, ಆಕೆಯು ಏನು ಕೇಳಿದಳು ಎಂಬುದನ್ನು ಹಾಡಲು ಮಾಳಿಯ ಮಗನಿಗೆ ಮನಸ್ಸು ಬಂದಂತಿಲ್ಲ. ವಿಮರ್ಶಕರೂ ಆಕೆಯನ್ನು ಕಥೆಗೆ ಮುನ್ನುಡಿಯೆಂದು ಎಣಿಸಿ ದಾಟಿಹೋಗುವರು. ಯಾತ್ರೆಯ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚಿನ ನಷ್ಟವು ಆಕೆಯದಾಗಿರಲು, ಈ ಮೌನವನ್ನು ಹಾಗೆಯೇ ಬಿಡುವುದು ಸರಿಯಲ್ಲ. ನಮ್ಮ ವಿಭಾಗದ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವು ಇಲ್ಲಿದೆ. ಜನ್ಮಕಥೆಯ ತ್ರಿಪದಿಗಳು ಓಲೆಯ ಪ್ರತಿಗಳಲ್ಲಿ ಯಾವ ಅನುಕ್ರಮದಲ್ಲಿ ಬರುತ್ತವೆ, ಮಲ್ಲಮ್ಮನ ಮಾತು ಎಷ್ಟು ಪ್ರತಿಗಳಲ್ಲಿದೆ, ಎಲ್ಲಿ ಬಿಟ್ಟುಹೋಗಿದೆ ಎಂಬುದನ್ನು ಒಂದರೊಡನೊಂದು ಹೋಲಿಸಿ ಪಟ್ಟಿ ಮಾಡಬೇಕು. ಅದಾದ ಮೇಲೆ ಮಾಸೂರಿನಲ್ಲಿಯೂ ಅಬಲೂರಿನಲ್ಲಿಯೂ ಬೇರೆಬೇರೆಯಾಗಿ ಈ ಕಥೆಯನ್ನು ವೃದ್ಧ ಹೆಂಗಸರ ಬಾಯಿಂದ ಹೇಳಿಸಿ ಬರೆದುಕೊಳ್ಳಬೇಕು. ಎರಡೂ ಊರಿನವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬಸವರಸನು ಮಾಸೂರಿನ ಮನೆಗೆ ಬಂದ ಆ ಸಂಜೆ ಬಾಗಿಲನ್ನು ತೆರೆದವಳು ಏನೆಂದಳು?